ದಿನಾ ಕೋಡ್ ಬರೆಯುವ ಅಭ್ಯಾಸ ಹಿಡಿಯೋದು ಹೇಗೆ?

ಚಿಕ್ಕಮಗಳೂರಿನಲ್ಲಿ ಡಿಪ್ಲೊಮಾ, ಬಿಸಿಎ, ಇಂಜಿನಿಯರಿಂಗ್ ಓದುವ ಮಕ್ಕಳು ನನ್ನ ಹತ್ತಿರ ತರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಕ್ಲಾಸಲ್ಲಿ ಹೇಳಿದ್ದು ಅರ್ಥ ಆಗುತ್ತೆ. ವಿಡಿಯೋ ನೋಡಿದ್ರೂ ಅರ್ಥ ಆಗುತ್ತೆ. ಒಬ್ಬನೇ ಕೂತು ಬರೆಯೋಕೆ ಹೋದ್ರೆ ಮಾತ್ರ ಕೈ ಓಡಲ್ಲ. ಏನ್ಮಾಡ್ಲಿ?" ದಿನಾ ಬರೀರಿ ಅಂತ ಹೇಳಿ ಕಳಿಸಿದರೆ ನಾಲ್ಕು ದಿನ ಬರೆಯುತ್ತಾರೆ, ಐದನೇ ದಿನ ಬಿಡುತ್ತಾರೆ, ಆಮೇಲೆ ನಾಚಿಕೊಂಡು ಫೋನೇ ಮಾಡಲ್ಲ. ಅವರದ್ದು ಸೋಮಾರಿತನ ಅಂತ ನನಗೆ ಅನ್ನಿಸಿಲ್ಲ. ದಿನಾ ಬರೆಯೋದು ಅಂದರೆ ಎಷ್ಟೊತ್ತಿಗೆ, ಏನನ್ನ, ಎಷ್ಟು ಅಂತ ಯಾರೂ ಬಿಡಿಸಿ ಹೇಳಿರಲ್ಲ, ಅಷ್ಟೇ. ಅದನ್ನೇ ಇಲ್ಲಿ ಹೇಳುತ್ತೇನೆ. ಹಾಸನದವರಿಗೂ ಇದೇ ಲೆಕ್ಕ. ಮಳೆ, ಕರೆಂಟು, ಬಸ್ಸಿನ ಕಥೆ ಎರಡೂ ಕಡೆ ಒಂದೇ ಅಲ್ವಾ?

ಏನೇನು ಬೇಕು?

ಒಂದು ಹಳೇ ಲ್ಯಾಪ್‌ಟಾಪ್ ಸಾಕು. 4 ಜಿಬಿ ರ‍್ಯಾಮ್ ಇದ್ದರೆ ಪೈಥಾನ್ ಕಲಿಯೋಕೆ ಧಾರಾಳವಾಯ್ತು. ಪೈಥಾನ್ ಹಾಕಿಕೊಂಡರೆ ಜೊತೆಗೆ ಐಡಲ್ ಅನ್ನುವ ಬರೆಯುವ ಕಿಟಕಿಯೂ ಬರುತ್ತೆ. ಒಮ್ಮೆ ಇಳಿಸಿಕೊಂಡ ಮೇಲೆ ನೆಟ್ ಬೇಕಾಗಿಲ್ಲ. ಲ್ಯಾಪ್‌ಟಾಪ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ 3 ಅನ್ನುವ ಆ್ಯಪ್ ಹಾಕಿಕೊಳ್ಳಿ, ಅದೂ ನೆಟ್ ಇಲ್ಲದೆ ಓಡುತ್ತೆ. ಫೋನಿನಲ್ಲಿ ಟೈಪ್ ಮಾಡೋದು ಸ್ವಲ್ಪ ಹಿಂಸೆ, ಆದರೆ ಶುರು ಮಾಡೋಕೆ ಅಡ್ಡಿಯಿಲ್ಲ. ಇದರ ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು.

ದುಡ್ಡು ಕೊಟ್ಟು ಸೇರುವ ಕೋರ್ಸು ಈಗಲೇ ಬೇಡ. ಫೀಸು ಕಟ್ಟಿದ ದಿನ ಅರ್ಧ ಕಲಿತಷ್ಟು ಖುಷಿಯಾಗುತ್ತೆ, ಅದೇ ತೊಂದರೆ.

ಹಂತ 1: ಒಂದೇ ಭಾಷೆ ಹಿಡಿಯಿರಿ

ಕಾಲೇಜಿನಲ್ಲಿ ಸಿ ಅಥವಾ ಜಾವಾ ನಡೀತಿದ್ದರೆ ಅದನ್ನೇ ಹಿಡಿಯಿರಿ. ಏನೂ ಗೊತ್ತಿಲ್ಲದವರಿಗೆ ನಾನು ಪೈಥಾನ್ ಹೇಳುತ್ತೇನೆ. 1991ರಲ್ಲಿ ಡಚ್ ಪ್ರೋಗ್ರಾಮರ್ ಗಿಡೊ ವ್ಯಾನ್ ರೋಸಮ್ ಹೊರಗೆ ಬಿಟ್ಟ ಭಾಷೆ ಇದು. ಓದೋಕೆ ಸಲೀಸು, ಒಂದು ಸಾಲು ಬರೆದರೂ ತಕ್ಷಣ ಓಡಿಸಿ ನೋಡಬಹುದು. ಈಗಿನ ಪೈಥಾನ್ 3ರಲ್ಲಿ ವೇರಿಯೇಬಲ್‌ಗೆ, ಅಂದರೆ ಬೆಲೆ ಇಟ್ಟುಕೊಳ್ಳುವ ಡಬ್ಬಿಗೆ, ಕನ್ನಡದಲ್ಲೇ ಹೆಸರಿಡಬಹುದು. ತೂಕ = 45 ಅಂತ ಬರೆದರೂ ಅದು ತಕರಾರು ಮಾಡಲ್ಲ. ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷ್ ಹೆಸರೇ ಇಡಬೇಕಾಗುತ್ತೆ. ಮೊದಲ ವಾರ ಕನ್ನಡದಲ್ಲಿ ಬರೆದು ನೋಡಿ, ಭಯ ಅರ್ಧ ಇಳಿಯುತ್ತೆ.

ಎಚ್ಚರ: ಯಾರೋ "ಜಾವಾಗೆ ಕೆಲಸ ಜಾಸ್ತಿ" ಅಂದರು ಅಂತ ಅತ್ತ, ಇನ್ಯಾರೋ "ಈಗ ಎಲ್ಲಾ ಜಾವಾಸ್ಕ್ರಿಪ್ಟು" ಅಂದರು ಅಂತ ಇತ್ತ ಹಾರಬೇಡಿ. ಆರು ತಿಂಗಳು ಒಂದೇ ಭಾಷೆ. ಲೂಪ್ ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸೋದು, ಫಂಕ್ಷನ್ ಅಂದರೆ ಒಂದು ಕೆಲಸಕ್ಕೆ ಹೆಸರಿಟ್ಟು ಬೇಕಾದಾಗ ಕರೆಯೋದು. ಇವು ಒಂದು ಭಾಷೆಯಲ್ಲಿ ಕೈಗೆ ಬಂದರೆ ಎರಡನೆಯದು ಕಲಿಯೋಕೆ ಅಷ್ಟು ದಿನ ಹಿಡಿಯಲ್ಲ.

ಹಂತ 2: ದಿನಾ ಆಗುವ ಒಂದು ಕೆಲಸದ ಬಾಲಕ್ಕೆ ಕಟ್ಟಿ

"ಟೈಮ್ ಸಿಕ್ಕಾಗ ಕೂರ್ತೀನಿ" ಅಂದರೆ ಆ ಟೈಮು ಸಿಗೋದೇ ಇಲ್ಲ. ಹಾಸನಾಂಬೆ ಬಾಗಿಲು ತೆರೆದ ಹಾಗೆ ಲ್ಯಾಪ್‌ಟಾಪ್ ವರ್ಷಕ್ಕೊಮ್ಮೆ ತೆರೆಯುತ್ತೆ.

ಗಡಿಯಾರ ನೋಡಿ ಕೂರೋದಕ್ಕಿಂತ, ಈಗಾಗಲೇ ತಪ್ಪದೆ ಮಾಡುವ ಒಂದು ಕೆಲಸ ಹುಡುಕಿ. ಸಂಜೆ ಕಾಫಿ ಕುಡಿದು ಲೋಟ ತೊಳೆದಿಟ್ಟ ಕೂಡಲೇ. ಡೈರಿಗೆ ಹಾಲು ಹಾಕಿ ಬಂದ ಕೂಡಲೇ. ಹಾಸ್ಟೆಲ್‌ನಲ್ಲಿ ಇರುವವರು ರಾತ್ರಿ ಊಟಕ್ಕೆ ಹೋಗುವ ಅರ್ಧ ಗಂಟೆ ಮುಂಚೆ. ಇದನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಒಂದು ವಾಕ್ಯ ಮಾಡಿ ಬರೆಯಿರಿ: "ಸಂಜೆ ಕಾಫಿ ಲೋಟ ತೊಳೆದಿಟ್ಟ ಮೇಲೆ, ಹಾಲ್‌ನ ಮೇಜಿನ ಹತ್ತಿರ, 25 ನಿಮಿಷ." ಎಲ್ಲಿ ಕೂರ್ತೀರಿ ಅನ್ನೋದೂ ಅದರಲ್ಲಿರಲಿ. ಹಾಸಿಗೆ ಮೇಲೆ ಕೂತರೆ ಏನಾಗುತ್ತೆ ಅಂತ ನಿಮಗೇ ಗೊತ್ತು.

ಮೂಡಿಗೆರೆಯಿಂದಲೋ ಬೇಲೂರಿನಿಂದಲೋ ದಿನಾ ಬಸ್ಸಲ್ಲಿ ಓಡಾಡುವವರು ಬಸ್ಸಿನಲ್ಲಿ ಕೋಡ್ ಬರೆಯುವ ಪ್ಲಾನ್ ಹಾಕಬೇಡಿ. ಆ ತಿರುವುಗಳಲ್ಲಿ ಸ್ಕ್ರೀನ್ ನೋಡಿದರೆ ವಾಂತಿ ಗ್ಯಾರಂಟಿ. ಬಸ್ಸು ಯೋಚನೆಗೆ ಒಳ್ಳೆಯ ಜಾಗ. ಇವತ್ತಿನ ಲೆಕ್ಕವನ್ನು ತಲೆಯಲ್ಲಿ ತಿರುಗಿಸುತ್ತಾ ಬನ್ನಿ.

ಎಚ್ಚರ: ರಾತ್ರಿ ಹತ್ತರ ಮೇಲೆ ಬೇಡ. ಸುಸ್ತಾಗಿರುವಾಗ ಒಂದು ಕಾಮಾ ತಪ್ಪಿದ್ದನ್ನು ಹುಡುಕೋಕೆ ಮುಕ್ಕಾಲು ಗಂಟೆ ಬೇಕು. ಬೆಳಿಗ್ಗೆ ಅದೇ ತಪ್ಪು ಎರಡು ನಿಮಿಷಕ್ಕೆ ಕಣ್ಣಿಗೆ ಬೀಳುತ್ತೆ.

ಹಂತ 3: 25 ನಿಮಿಷ, ಇಲ್ಲವೇ 5 ನಿಮಿಷ

ದೊಡ್ಡ ದಿನಕ್ಕೆ 25 ನಿಮಿಷ. ಮೈ ಸರಿ ಇಲ್ಲ, ಮನೆಗೆ ನೆಂಟರು ಬಂದಿದ್ದಾರೆ, ನಾಳೆ ಇಂಟರ್ನಲ್ಸ್ ಇದೆ, ಇಂಥಾ ಸಣ್ಣ ದಿನಕ್ಕೆ 5 ನಿಮಿಷ. ಐದು ನಿಮಿಷದಲ್ಲಿ ನಿನ್ನೆಯ ಪ್ರೋಗ್ರಾಂ ತೆಗೆದು ಒಂದು ಸಾಲು ಬದಲಾಯಿಸಿ ಓಡಿಸಿದರೂ ಆ ದಿನ ಲೆಕ್ಕಕ್ಕೆ ಬಂತು.

ಭಾನುವಾರ ಆರು ಗಂಟೆ ಕೂತು ವಾರದ್ದೆಲ್ಲಾ ಮುಗಿಸ್ತೀನಿ ಅನ್ನುವವರು ತುಂಬಾ ಜನ. ಮುಂದಿನ ಭಾನುವಾರ ಕೂತಾಗ ಮೊದಲ ಒಂದು ಗಂಟೆ ಹೋದ ವಾರದ್ದನ್ನ ನೆನಪು ಮಾಡಿಕೊಳ್ಳೋಕೇ ಹೋಗುತ್ತೆ. ಆಮೇಲಿನ ಭಾನುವಾರ ಯಾರದ್ದಾದರೂ ಮದುವೆ ಇದ್ದೇ ಇರುತ್ತೆ.

"21 ದಿನ ಮಾಡಿದರೆ ಅಭ್ಯಾಸ ಆಗುತ್ತಂತೆ" ಅಂತಲೂ ಕೇಳುತ್ತಾರೆ. ಆ 21ನ್ನು ನಂಬಿಕೊಂಡು 22ನೇ ದಿನ ನಿರಾಸೆಯಾಗಬೇಡಿ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿ ಇದರ ಲೆಕ್ಕ ಹಾಕಿದ್ದಾರೆ. ಅಲ್ಲಿ ಬಂದ ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನದ ತನಕ ಬೇಕು ಅನ್ನುವ ಅಂದಾಜು ಸಿಕ್ಕಿತು. ಅವರು ನೋಡಿದ್ದು ಊಟ, ನೀರು, ವ್ಯಾಯಾಮದಂಥ ಅಭ್ಯಾಸಗಳನ್ನು, ಕೋಡಿಂಗ್ ಅಲ್ಲ. ಆದರೂ ಅದರಲ್ಲಿ ನಮಗೆ ಬೇಕಾದ ಒಂದು ಮಾತಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಹಂತ 4: ನಾಳೆಯ ಲೆಕ್ಕ ಇವತ್ತೇ ಎತ್ತಿಡಿ

ನನ್ನ ಪ್ರಕಾರ ಅಭ್ಯಾಸ ನಿಲ್ಲೋದು, ಬೀಳೋದು ಎರಡೂ ಈ ಹಂತದಲ್ಲೇ. ಲ್ಯಾಪ್‌ಟಾಪ್ ತೆಗೆದ ಮೇಲೆ "ಇವತ್ತು ಏನ್ ಮಾಡ್ಲಿ" ಅಂತ ಹುಡುಕೋಕೆ ಹೋದರೆ ಯೂಟ್ಯೂಬ್ ತೆರೆಯುತ್ತೆ. ಅಲ್ಲಿಗೆ ಆ ದಿನ ಮುಗೀತು. ಅದಕ್ಕೇ ಕೂರುವಾಗ ಲೆಕ್ಕ ಮೊದಲೇ ಪುಸ್ತಕದಲ್ಲಿ ಬರೆದಿರಬೇಕು.

ಲೆಕ್ಕಗಳನ್ನು ಎಲ್ಲಿಂದ ತರೋದು? ಮೊದಲ ತಿಂಗಳು ನಿಮ್ಮ ಮನೆಯಿಂದಲೇ ತನ್ನಿ. ತೋಟ ಇರುವ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತೆ. ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ತಾರೀಖಿನ ಮುಂದೆ ಇಷ್ಟು ಸೆಂಟ್ ಅಂತ ಬರೆಯುತ್ತಾರಲ್ಲ, ಅದೇ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ನೆಂಟರ ಮನೆಯಲ್ಲಿ ಸಿಗುತ್ತೆ. ಒಂದು ತಿಂಗಳಿನ ಪುಟ ತಂದು ಆ ಮೂವತ್ತು ಅಂಕಿಗಳನ್ನು ಒಂದು ಲಿಸ್ಟ್‌ಗೆ ಹಾಕಿ. ಲಿಸ್ಟ್ ಅಂದರೆ ಸಾಲಾಗಿ ಜೋಡಿಸಿದ ಬೆಲೆಗಳು. ಇಷ್ಟರಲ್ಲೇ ಒಂದು ವಾರದ ಕೆಲಸ ಇದೆ.

ಸೋಮವಾರ ಒಟ್ಟು ಎಷ್ಟು ಸೆಂಟ್ ಅಂತ ಕೂಡಿಸಿ. ಮಂಗಳವಾರ ಅದನ್ನು ಇಂಚಿಗೂ ಮಿಲಿಮೀಟರ್‌ಗೂ ತಿರುಗಿಸಿ. 100 ಸೆಂಟ್‌ಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್. ಬುಧವಾರ ಎಲ್ಲಕ್ಕಿಂತ ಜಾಸ್ತಿ ಮಳೆ ಬಂದ ತಾರೀಖು ಯಾವುದು? ಗುರುವಾರ ಮಳೆ ಬರದ ದಿನ ಎಷ್ಟು? ಶುಕ್ರವಾರದ್ದು ಸ್ವಲ್ಪ ಗಟ್ಟಿ: ಮಳೆ ಇಲ್ಲದೆ ಸಾಲಾಗಿ ಅತಿ ಜಾಸ್ತಿ ಎಷ್ಟು ದಿನ ಹೋಯ್ತು? ಎಣಿಸುತ್ತಾ ಹೋಗಬೇಕು, ಮಳೆ ಬಂದ ಕೂಡಲೇ ಎಣಿಕೆ ಸೊನ್ನೆಗೆ ಬರಬೇಕು, ಅಲ್ಲಿತನಕದ ದೊಡ್ಡ ಎಣಿಕೆ ಮಾತ್ರ ಬೇರೆ ಡಬ್ಬಿಯಲ್ಲಿ ಉಳಿಯಬೇಕು. ಇದನ್ನು ಒಬ್ಬರೇ ಕೂತು ಬಿಡಿಸಿದವರಿಗೆ ಲೂಪ್ ಬಂತು ಅಂತಲೇ ಅರ್ಥ. ಶನಿವಾರ ಫೆಬ್ರವರಿಯಿಂದ ಏಪ್ರಿಲ್ ತನಕದ ಪುಟಗಳನ್ನು ತೆಗೆದುಕೊಂಡು, ಒಂದೇ ದಿನ 100 ಸೆಂಟ್ ದಾಟಿದ ಮೊದಲ ತಾರೀಖು ಹುಡುಕಿ. ಆ ವರ್ಷದ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡೋಕೆ ಬೇಕಾದ ಮಳೆ, ಯಾವತ್ತು ಬಂತು ಅಂತ ಮನೆಯಲ್ಲಿ ಕೇಳಿ, ನಿಮ್ಮ ಪ್ರೋಗ್ರಾಂ ಹೇಳಿದ್ದಕ್ಕೆ ಹೊಂದುತ್ತಾ ನೋಡಿ.

ಹಾಸನದ ಕಡೆಯವರಿಗೆ ಗೊರೂರಿನ ಹೇಮಾವತಿ ಅಣೆಕಟ್ಟೆ ಇದೆ. ಅದರ ಪೂರ್ಣ ಮಟ್ಟ 2922 ಅಡಿ. ಮಳೆಗಾಲದಲ್ಲಿ ಪೇಪರ್‌ನಲ್ಲಿ ಬರುವ ನೀರಿನ ಮಟ್ಟವನ್ನು ದಿನಾ ಬರೆದಿಟ್ಟು, ಇದೇ ಲೆಕ್ಕದಲ್ಲಿ ಏರಿದರೆ ಇನ್ನೆಷ್ಟು ದಿನಕ್ಕೆ ತುಂಬುತ್ತೆ ಅಂತ ಹೇಳುವ ಪ್ರೋಗ್ರಾಂ ಬರೆಯಿರಿ. ಅಂದಾಜು ತಪ್ಪುತ್ತೆ. ಯಾಕೆ ತಪ್ಪಿತು ಅಂತ ಯೋಚಿಸೋದು ಮರುದಿನದ ಕೆಲಸ.

ಲೀಟ್‌ಕೋಡ್‌ನಂಥ ಸೈಟುಗಳು, ಅಂದರೆ ಕಂಪನಿಗಳ ಇಂಟರ್‌ವ್ಯೂಗೆ ತಯಾರಾಗುವವರು ಒಗಟು ಬಿಡಿಸುವ ಜಾಗಗಳು, ಮೊದಲ ತಿಂಗಳು ಬೇಡ. ಅಲ್ಲಿನ ಸುಲಭ ಅನ್ನುವ ಲೆಕ್ಕವೂ ಹೊಸಬರಿಗೆ ಸುಲಭವಲ್ಲ. ಎರಡನೇ ತಿಂಗಳಿಂದ ವಾರಕ್ಕೆ ಎರಡು ನೋಡಬಹುದು. ಅಲ್ಲಿ ದಿನದ ಲೆಕ್ಕ ಬದಲಾಗೋದು ನಮ್ಮ ಮಧ್ಯರಾತ್ರಿಗೆ ಅಲ್ಲ, ಬೆಳಿಗ್ಗೆ 5:30ಕ್ಕೆ. ಯುಟಿಸಿ ಅನ್ನುವ ಜಾಗತಿಕ ಸಮಯಕ್ಕೆ ನಾವು ಐದೂವರೆ ಗಂಟೆ ಮುಂದಿದ್ದೇವಲ್ಲ, ಅದಕ್ಕೆ. ಇದು ಗೊತ್ತಿಲ್ಲದೆ ರಾತ್ರಿ ಹನ್ನೆರಡಕ್ಕೆ ಗಾಬರಿಯಾಗುವ ಮಕ್ಕಳನ್ನು ನೋಡಿದ್ದೇನೆ.

ಹಂತ 5: ಆ 25 ನಿಮಿಷ ಹೇಗೆ ಹೋಗಬೇಕು

ಮೊದಲ ಐದು ನಿಮಿಷ ನಿನ್ನೆಯ ಪ್ರೋಗ್ರಾಂ ಅನ್ನು ನೋಡದೆ ಮತ್ತೆ ಬರೆಯಿರಿ. ಪೂರ್ತಿ ಬರದಿದ್ದರೂ ಸರಿ. ಆಮೇಲಿನ ಹದಿನೈದು ನಿಮಿಷ ಇವತ್ತಿನ ಲೆಕ್ಕ. ಉಳಿದ ಐದು ನಿಮಿಷ ಪುಸ್ತಕಕ್ಕೆ. ಅದರ ವಿಷಯ ಮುಂದಿನ ಹಂತದಲ್ಲಿದೆ.

ನಡುವಿನ ಹದಿನೈದು ನಿಮಿಷದಲ್ಲಿ ಪ್ರೋಗ್ರಾಂ ತಪ್ಪಾಗೋದೇ ಜಾಸ್ತಿ, ಅದು ಸಹಜ. ಒಂದು ತಪ್ಪನ್ನು ಹತ್ತಿರದಿಂದ ನೋಡೋಣ. ಕಾಫಿ ಕೊಯ್ಲಿನ ಕೂಲಿ ಲೆಕ್ಕ. ಒಬ್ಬರು 45 ಕಿಲೋ ಹಣ್ಣು ಕೊಯ್ದರು, ಕಿಲೋಗೆ 5 ರೂಪಾಯಿ ಅಂತ ಇಟ್ಟುಕೊಳ್ಳಿ. ತೂಕವನ್ನು ಕೀಬೋರ್ಡಿನಿಂದ ಕೇಳಿ ಪಡೆಯುವ ಇನ್‌ಪುಟ್ ಸಾಲು ಬರೆದಿರಿ, ತೂಕ * 5 ಅಂತ ಗುಣಿಸಿದಿರಿ, ಓಡಿಸಿದಿರಿ. 225 ಬರಬೇಕಿತ್ತು. ಬಂದದ್ದು 4545454545. ನಾನೂರೈವತ್ತನಾಲ್ಕು ಕೋಟಿ ರೂಪಾಯಿ ಕೂಲಿ! ಪೈಥಾನ್ ಯಾವ ಎರರನ್ನೂ ತೋರಿಸಲಿಲ್ಲ, ಅದರ ಪ್ರಕಾರ ಎಲ್ಲಾ ಸರಿ.

ಇಲ್ಲಿ ಕೂಡಲೇ ಗೂಗಲ್‌ಗೆ ಓಡಬೇಡಿ. ಅಂಕಿಯನ್ನೇ ನೋಡಿ: 45, 45, 45, 45, 45. ಗುಣಿಸಿಲ್ಲ, ಐದು ಸಲ ಪಕ್ಕಪಕ್ಕ ಇಟ್ಟಿದೆ. ಯಾಕೆ? ಕೀಬೋರ್ಡಿನಿಂದ ಬಂದದ್ದನ್ನು ಪೈಥಾನ್ ಸಂಖ್ಯೆ ಅಂತ ನೋಡಲ್ಲ, ಸ್ಟ್ರಿಂಗ್ ಅಂತ ನೋಡುತ್ತೆ. ಸ್ಟ್ರಿಂಗ್ ಅಂದರೆ ಅಕ್ಷರಗಳ ಮಾಲೆ. ಮಾಲೆಯನ್ನು ಐದರಿಂದ ಗುಣಿಸಿದರೆ ಐದು ಮಾಲೆ ಸಿಗುತ್ತೆ. ಇಂಟ್ ಅನ್ನುವ ಫಂಕ್ಷನ್ ಹಾಕಿ ಅದನ್ನು ಪೂರ್ಣ ಸಂಖ್ಯೆ ಮಾಡಿಕೊಂಡರೆ 225 ಬರುತ್ತೆ. 45.5 ಕಿಲೋ ಅಂತ ಕೊಟ್ಟರೆ ಇಂಟ್ ಕೂಡ ಮುನಿಸಿಕೊಳ್ಳುತ್ತೆ, ಆಗ ದಶಾಂಶ ಸಂಖ್ಯೆ ಮಾಡಿಕೊಡುವ ಫ್ಲೋಟ್ ಬೇಕು. ಇದನ್ನು ವಿಡಿಯೋದಲ್ಲಿ ಹತ್ತು ಸಲ ನೋಡಿದ್ದರೂ ಮರೆತಿರುತ್ತೀರಿ. ನಾನೂರೈವತ್ತನಾಲ್ಕು ಕೋಟಿ ಮಾತ್ರ ಮರೆಯಲ್ಲ.

ಇನ್ನೊಂದು, ಇದು ನಮ್ಮ ಭಾಷೆಯವರಿಗೇ ಸಿಗುವ ಮಜಾ. ಲೆನ್ ಅನ್ನುವ ಫಂಕ್ಷನ್ ಉದ್ದ ಹೇಳುತ್ತೆ. "ಹಾಸನ" ಕೊಡಿ. ಮೂರಕ್ಷರ ಅಲ್ವಾ? ಅದು 4 ಅನ್ನುತ್ತೆ. "ಚಿಕ್ಕಮಗಳೂರು" ಆರಕ್ಷರ, ಅದು 11 ಅನ್ನುತ್ತೆ. ಕಂಪ್ಯೂಟರ್ ಹ ಒಂದು, ದೀರ್ಘ ಒಂದು ಅಂತ ಬಿಡಿಬಿಡಿಯಾಗಿ ಇಟ್ಟುಕೊಂಡಿರುತ್ತೆ. ಒತ್ತಕ್ಷರದಲ್ಲಿ ನಡುವಿನ ಅರ್ಧ ಚಿಹ್ನೆಯೂ ಒಂದು ಲೆಕ್ಕ. ಈಗ "ಹಾಸನ"ವನ್ನು ತಿರುಗಿಸಿ ಪ್ರಿಂಟ್ ಮಾಡಿ. "ನಸಹಾ" ಬರುತ್ತೆ ಅಂದುಕೊಂಡಿದ್ದರೆ "ನಸಾಹ" ಬಂದಿರುತ್ತೆ. ದೀರ್ಘ ಹೋಗಿ ಸ ಮೇಲೆ ಕೂತಿತು. ಸರಿಯಾಗಿ ತಿರುಗಿಸೋದು ಹೇಗೆ? ಮೂರು ದಿನದ ಕೆಲಸ ಸಿಕ್ಕಿತು ನೋಡಿ.

ಹಂತ 6: ಕೋಡಿಗೂ ಒಂದು ಮಳೆ ಪುಸ್ತಕ

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದೇ ಸಾಲು. ತಾರೀಖು, ಎಷ್ಟು ನಿಮಿಷ, ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡೆ, ನಾಳೆ ಏನು. ಉದಾಹರಣೆಗೆ: "12ನೇ ತಾರೀಖು, 25, ಕೂಲಿ ಲೆಕ್ಕ, ಸ್ಟ್ರಿಂಗ್ ಗುಣಿಸಿಬಿಟ್ಟೆ, ನಾಳೆ 5 ಜನರ ಕೂಲಿ." ಚಂದ ಮಾಡೋಕೆ ಹೋಗಬೇಡಿ, ಬಣ್ಣದ ಪೆನ್ನು ಬೇಡ.

ಮಳೆ ಬರದ ದಿನ ಮಳೆ ಪುಸ್ತಕದಲ್ಲಿ ಜಾಗ ಖಾಲಿ ಬಿಡಲ್ಲ, ಸೊನ್ನೆ ಬರೆಯುತ್ತಾರೆ. ಇಲ್ಲೂ ಹಾಗೇ. ಕೂರದ ದಿನ ತಾರೀಖು ಹಾಕಿ 0 ಬರೆಯಿರಿ. ಖಾಲಿ ಬಿಟ್ಟರೆ ಮೂರನೇ ದಿನಕ್ಕೆ ಪುಸ್ತಕ ಎಲ್ಲಿದೆ ಅಂತಲೇ ಮರೆತುಹೋಗುತ್ತೆ. ಸೊನ್ನೆ ಬರೆಯೋಕಾದರೂ ಪುಸ್ತಕ ಕೈಗೆ ಬಂತು ಅಂದರೆ, ಕೂತು ಐದು ನಿಮಿಷ ಏನಾದರೂ ಮಾಡೋಣ ಅನ್ನಿಸೋದೂ ಉಂಟು.

ಎಚ್ಚರ: ಮಾಡದ ದಿನಕ್ಕೆ 25 ಅಂತ ಬರೆಯಬೇಡಿ. ಸುಳ್ಳು ಸೆಂಟ್ ಬರೆದ ಮಳೆ ಪುಸ್ತಕ ಯಾವ ಕೆಲಸಕ್ಕೂ ಬರಲ್ಲ.

ಹಂತ 7: ಸಿಕ್ಕಿಕೊಂಡಾಗ

ಹದಿನೈದು ನಿಮಿಷ ಸ್ವಂತ ತಲೆ ಓಡಿಸಿ. ಎರರ್ ಬಂದರೆ ಅದರ ಕೊನೆಯ ಸಾಲು ಮೊದಲು ಓದಿ. ಪೈಥಾನ್ ಅಲ್ಲಿ ತಪ್ಪಿನ ಜಾತಿ ಹೇಳಿರುತ್ತೆ, ಅದರ ಮೇಲೆ ಎಷ್ಟನೇ ಸಾಲು ಅಂತ ಇರುತ್ತೆ. ಎರರ್ ಕೆಂಪಗಿದೆ ಅಂತ ಓದದೆ ಮುಚ್ಚುವವರೇ ಜಾಸ್ತಿ. ಎರರ್ ಇಲ್ಲದೆ ಉತ್ತರ ಮಾತ್ರ ತಪ್ಪಿದ್ದರೆ ನಡುನಡುವೆ ಪ್ರಿಂಟ್ ಹಾಕಿ ಡಬ್ಬಿಗಳಲ್ಲಿ ಏನಿದೆ ನೋಡಿ.

ಆಮೇಲೂ ಆಗಲಿಲ್ಲ ಅಂದರೆ ಚಾಟ್‌ಜಿಪಿಟಿಯಂಥದ್ದನ್ನು ಕೇಳಬಹುದು, ತಪ್ಪಿಲ್ಲ. ಕೇಳುವ ರೀತಿ ಮಾತ್ರ ಮುಖ್ಯ. "ಉತ್ತರ ಕೊಡಬೇಡ, ನನ್ನ ಕೋಡಿನಲ್ಲಿ ಯಾವ ಸಾಲನ್ನು ಮತ್ತೆ ನೋಡಬೇಕು ಅಂತ ಮಾತ್ರ ಹೇಳು" ಅಂತ ಕನ್ನಡದಲ್ಲೇ ಕೇಳಿ. ಅದು ಪೂರ್ತಿ ಕೋಡ್ ಕೊಟ್ಟೇಬಿಟ್ಟರೆ ಓದಿ, ಮುಚ್ಚಿ, ನೋಡದೆ ನೀವೇ ಟೈಪ್ ಮಾಡಿ. ಕಾಪಿ ಮಾಡಿ ಅಂಟಿಸಿದ ದಿನ ಪುಸ್ತಕದಲ್ಲಿ ಸೊನ್ನೆ. ಇದು ನನ್ನ ಕಾನೂನು, ಸ್ವಲ್ಪ ಕಠಿಣ ಅನ್ನಿಸಬಹುದು.

ಹಂತ 8: ಕರೆಂಟ್ ಹೋದಾಗ, ಕೊಯ್ಲು ಬಂದಾಗ

ಜೂನ್‌ನಿಂದ ಆಗಸ್ಟ್ ತನಕ ಮಲೆನಾಡಿನಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರದೇ ಇರೋದು ಹೊಸದಲ್ಲ. ಅದಕ್ಕೆ ಮೊದಲೇ ತಯಾರಾಗಿ. ಪೈಥಾನ್‌ನ ಕೈಪಿಡಿಯನ್ನು ಅದರ ಸೈಟಿನಿಂದ ಪುಕ್ಕಟೆ ಇಳಿಸಿಟ್ಟುಕೊಳ್ಳಿ. ಬ್ಯಾಟರಿಯೂ ಸತ್ತರೆ ಕಾಗದದ ಮೇಲೆ ಡ್ರೈ ರನ್ ಮಾಡಿ. ಅಂದರೆ ನೀವೇ ಕಂಪ್ಯೂಟರ್ ಆಗಿ, ಒಂದೊಂದೇ ಸಾಲು ಓದುತ್ತಾ, ಪ್ರತಿ ಡಬ್ಬಿಯ ಬೆಲೆ ಬದಲಾದ ಹಾಗೆ ಬರೆಯುತ್ತಾ ಹೋಗೋದು. ಶುಕ್ರವಾರದ ಆ ಮಳೆ ಇಲ್ಲದ ದಿನಗಳ ಲೆಕ್ಕಕ್ಕೆ ಇದನ್ನು ಮಾಡಿ ನೋಡಿ. ಲ್ಯಾಪ್‌ಟಾಪಿನ ಮುಂದೆ ಕೂತಿದ್ದಕ್ಕಿಂತ ಚೆನ್ನಾಗಿ ಅರ್ಥವಾದರೆ ಆಶ್ಚರ್ಯ ಪಡಬೇಡಿ.

ಡಿಸೆಂಬರ್, ಜನವರಿಯಲ್ಲಿ ಮನೆಯವರೆಲ್ಲ ಕೊಯ್ಲು, ಕಣ ಅಂತ ಓಡಾಡುವಾಗ ನೀವೊಬ್ಬರೇ ಲ್ಯಾಪ್‌ಟಾಪ್ ಮುಂದೆ ಕೂತರೆ ಬೈಗುಳ ತಪ್ಪಿದ್ದಲ್ಲ. ಆ ಎರಡು ತಿಂಗಳು ಸಣ್ಣ ದಿನಗಳೇ ಇರಲಿ. ಇಲ್ಲವೇ ಸಂಜೆ ತೂಕದ ಲೆಕ್ಕ ಬರೆಯುವ ಕೆಲಸ ನೀವೇ ತೆಗೆದುಕೊಂಡು ಅದನ್ನೇ ಪ್ರೋಗ್ರಾಂ ಮಾಡಿ. ಆದರೆ ಮೊದಲ ಹದಿನೈದು ದಿನ ಕೈಲೆಕ್ಕವನ್ನೂ ಜೊತೆಗಿಡಿ, ಎರಡನ್ನೂ ತಾಳೆ ನೋಡಿ. ಕೂಲಿ ದುಡ್ಡಿನ ವಿಷಯದಲ್ಲಿ ಪ್ರಯೋಗ ಬೇಡ.

ಹಂತ 9: ಎರಡನೇ ತಿಂಗಳಲ್ಲಿ ಗಿಟ್

ಗಿಟ್ ಅಂದರೆ ನಿಮ್ಮ ಕೋಡಿನ ಹಳೆಯ ರೂಪಗಳನ್ನೆಲ್ಲ ನೆನಪಿಟ್ಟುಕೊಳ್ಳುವ ಸಾಧನ. ಲಿನಕ್ಸ್ ಮಾಡಿದ ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದದ್ದು. ಗಿಟ್‌ಹಬ್ ಅಂದರೆ ಅದನ್ನು ನೆಟ್‌ನಲ್ಲಿ ಇಡುವ ಜಾಗ. ಎರಡನೇ ತಿಂಗಳಿಂದ ದಿನದ ಕೆಲಸವನ್ನು ಅಲ್ಲಿಗೆ ಏರಿಸಿ. ಕೆಲಸ ಕೇಳೋಕೆ ಹೋದಾಗ ತೋರಿಸೋಕೆ ಏನಾದರೂ ಇರುತ್ತೆ.

ಅಲ್ಲಿ ಕೆಲಸ ಏರಿಸಿದ ದಿನಗಳಿಗೆಲ್ಲ ಹಸಿರು ಚೌಕ ಬೀಳುತ್ತೆ. ನೋಡೋಕೆ ಖುಷಿ. ಆ ಚೌಕಕ್ಕೋಸ್ಕರ ಸುಮ್ನೆ ಒಂದು ಖಾಲಿ ಜಾಗ ಸೇರಿಸಿ ಏರಿಸುವ ಚಟ ಮಾತ್ರ ಬೇಡ. ಸತತವಾಗಿ ಎಷ್ಟು ದಿನ ಅಂತ ತೋರಿಸುವ ಎಣಿಕೆಯನ್ನು ಗಿಟ್‌ಹಬ್ಬೇ 2016ರಲ್ಲಿ ತೆಗೆದುಹಾಕಿತು. ಪಾಸ್‌ವರ್ಡ್, ಮನೆಯವರ ಬ್ಯಾಂಕ್ ವಿವರ, ಕೂಲಿಯವರ ಹೆಸರು, ಫೋನ್ ನಂಬರ್ ಇರುವ ಫೈಲುಗಳನ್ನು ಅಲ್ಲಿಗೆ ಏರಿಸಲೇಬೇಡಿ. ಆಮೇಲೆ ಅಳಿಸಿದರೂ ಹಳೆಯ ರೂಪದಲ್ಲಿ ಉಳಿದಿರುತ್ತೆ. ಹಳೆಯದನ್ನು ನೆನಪಿಟ್ಟುಕೊಳ್ಳೋದೇ ಗಿಟ್‌ನ ಕೆಲಸವಲ್ವಾ?

ಪೂರ್ತಿ ಬಿಟ್ಟುಹೋದರೆ?

ಪರೀಕ್ಷೆ, ಜ್ವರ, ಅಕ್ಕನ ಮದುವೆ, ಏನೋ ಒಂದು ಬಂದು ಹದಿನೈದು ದಿನ ಪುಸ್ತಕ ಮುಟ್ಟಲಿಲ್ಲ ಅಂದುಕೊಳ್ಳಿ. ಹೊಸ ನೋಟ್‌ಬುಕ್ ತರಬೇಡಿ. "ಒಂದನೇ ತಾರೀಖಿಂದ ಶುರು ಮಾಡ್ತೀನಿ" ಅಂತಲೂ ಬೇಡ. ಹಳೇ ಪುಸ್ತಕದಲ್ಲೇ ಹದಿನೈದು ತಾರೀಖು ಹಾಕಿ, ಹದಿನೈದು ಸೊನ್ನೆ ಬರೆಯಿರಿ. ಎರಡು ನಿಮಿಷದ ಕೆಲಸ. ಆಮೇಲೆ ಹಿಂದಿನ ಪುಟಗಳಲ್ಲಿ ಸುಲಭವಾಗಿ ಬಿಡಿಸಿದ್ದ ಒಂದು ಲೆಕ್ಕ ಆರಿಸಿ, ಮಳೆಯ ಒಟ್ಟು ಸೆಂಟ್‌ನಂಥದ್ದು, ನೋಡದೆ ಮತ್ತೆ ಬರೆಯಿರಿ. ಬಂದರೆ ಇವತ್ತಿನ ತಾರೀಖಿನ ಮುಂದೆ 5. ಬರದಿದ್ದರೂ 5.